ಹಿರಿಯರ ಆರೈಕೆ ಕೇಂದ್ರ: ಸೇರಿಸುವ ಮೊದಲು ಏನು ನೋಡಬೇಕು, ತಪ್ಪಾದರೆ ಯಾರಿಗೆ ಬರೆಯಬೇಕು

ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದು, ಊರಲ್ಲಿ ಹೋಂ ನರ್ಸ್ ಸಿಗದೆ, ಕೊನೆಗೆ ಆರೈಕೆ ಕೇಂದ್ರ ಹುಡುಕುವ ಮನೆಗಳು ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕಡಿಮೆಯಿಲ್ಲ. ಹೋದವರು ಕಟ್ಟಡ ನೋಡುತ್ತಾರೆ, ತಿಂಗಳ ದರ ಕೇಳುತ್ತಾರೆ, ಊಟ ಸಸ್ಯಾಹಾರವೇ ಎಂದು ವಿಚಾರಿಸಿ ಮುಂಗಡ ಕೊಟ್ಟು ಬರುತ್ತಾರೆ. ರಾತ್ರಿ ಎರಡು ಗಂಟೆಗೆ ಅಲ್ಲಿ ಎಷ್ಟು ಮಂದಿ ಎಚ್ಚರವಿರುತ್ತಾರೆ ಎಂದು ಕೇಳುವವರು ವಿರಳ. ಮೊದಲು ಕೇಳಬೇಕಾದದ್ದೇ ಅದು.

ಮೊದಲ ಹೆಜ್ಜೆ: ಕಾಗದಪತ್ರ

ಕೇರಳದಲ್ಲಿ ವೃದ್ಧಾಶ್ರಮಗಳಿಗೆ ಮಾನ್ಯತೆ ಕೊಡುವುದು ಅನಾಥಾಲಯ ನಿಯಂತ್ರಣ ಮಂಡಳಿ. ಮೇಲ್ವಿಚಾರಣೆ ಸಾಮಾಜಿಕ ನ್ಯಾಯ ಇಲಾಖೆಯದ್ದು. ಮಾನ್ಯತಾ ಪತ್ರ ಯಾರ ಹೆಸರಲ್ಲಿದೆ, ಎಲ್ಲಿಯವರೆಗೆ ಊರ್ಜಿತ, ಎಷ್ಟು ಮಂದಿಗೆ ಅನುಮತಿ ಎಂದು ಕೇಳಿ. ಆಮೇಲೆ ಕೋಣೆಗಳಲ್ಲಿರುವ ಮಂಚಗಳನ್ನು ಎಣಿಸಿ. ಎರಡು ಲೆಕ್ಕವೂ ತಾಳೆಯಾಗದಿದ್ದರೆ ಅಲ್ಲಿಂದಲೇ ತಿರುಗಿ ಬರಬಹುದು. ಡ್ರಿಪ್ ಹಾಕುವುದು, ರೋಗಿಯನ್ನು ದಾಖಲಿಸಿ ಚಿಕಿತ್ಸೆ ಕೊಡುವುದು ಇದ್ದರೆ ಆ ಸಂಸ್ಥೆ 2018ರ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯ ನೋಂದಣಿಯನ್ನೂ ತೋರಿಸಬೇಕು. ಅಡುಗೆಮನೆಗೆ ಆಹಾರ ಸುರಕ್ಷತಾ ನೋಂದಣಿ ಬೇರೆ. ನರ್ಸ್ ಎಂದು ಪರಿಚಯಿಸಿದವರ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರಿಗೂ ಅನುಭವದಿಂದ ಕೆಲಸ ಕಲಿತ ಆಯಾಗಳಿಗೂ ಮಾಡಬಹುದಾದ ಕೆಲಸದಲ್ಲಿ ವ್ಯತ್ಯಾಸವಿದೆ. ಇನ್ಸುಲಿನ್ ಪ್ರಮಾಣ ನಿರ್ಧಾರ, ಮೂತ್ರದ ಕೆತೀಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಬದಲಾವಣೆ ಆಯಾಗಳ ಕೆಲಸವಲ್ಲ.

ಎರಡನೆಯದು: ಸಿಬ್ಬಂದಿಯ ಲೆಕ್ಕ

‘ನಮ್ಮಲ್ಲಿ ಏಳು ಮಂದಿ ಸ್ಟಾಫ್ ಇದ್ದಾರೆ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಪಾಳಿ ಪಟ್ಟಿ ತರಿಸಿ. ಅಡುಗೆಯವರು, ಕಾವಲುಗಾರ, ಆಫೀಸಿನವರನ್ನು ಬಿಟ್ಟು ಹಿರಿಯರ ಮೈಮುಟ್ಟಿ ಆರೈಕೆ ಮಾಡುವವರನ್ನು ಮಾತ್ರ ಎಣಿಸಿ. ಪ್ರತಿಯೊಬ್ಬರ ಪಾಳಿಯ ಗಂಟೆಗಳನ್ನು ಕೂಡಿಸಿ, ಒಟ್ಟು ನಿವಾಸಿಗಳ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ 24 ನಿವಾಸಿಗಳು. ಬೆಳಿಗ್ಗೆ ನಾಲ್ವರು, ಮಧ್ಯಾಹ್ನ ಇಬ್ಬರು, ರಾತ್ರಿ ಒಬ್ಬರು, ತಲಾ ಎಂಟು ಗಂಟೆ. ಒಟ್ಟು 56 ಗಂಟೆ. ಒಬ್ಬ ಹಿರಿಯರಿಗೆ ದಿನಕ್ಕೆ ಸಿಗುವುದು ಸುಮಾರು 2 ಗಂಟೆ 20 ನಿಮಿಷ. ಅಮೆರಿಕದ ನರ್ಸಿಂಗ್ ಹೋಂಗಳಿಗೆ ಇದೇ ಬಗೆಯ ಲೆಕ್ಕದಲ್ಲಿ 3.48 ಗಂಟೆ ಕನಿಷ್ಠವೆಂದು ಅಲ್ಲಿನ ಸರಕಾರ 2024ರಲ್ಲಿ ನಿಯಮ ತಂದಿತ್ತು. ಮರುವರ್ಷವೇ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆದರೂ ಎರಡು ಕೇಂದ್ರಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಸರಾಸರಿ ಚೆನ್ನಾಗಿದ್ದರೂ ರಾತ್ರಿಯನ್ನು ಬೇರೆಯಾಗಿ ನೋಡಬೇಕು. ತಾನಾಗಿ ಮಗ್ಗುಲು ಬದಲಿಸಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸಬೇಕು. ಚರ್ಮ ಉಜ್ಜದಂತೆ ಎತ್ತಿ ಹೊರಳಿಸಲು ಇಬ್ಬರು ಬೇಕು. ಅಂಥವರು ಹತ್ತು ಮಂದಿ ಇದ್ದು, ಡಯಾಪರ್ ಬದಲಾವಣೆಯೂ ಸೇರಿ ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿದರೂ ನೂರು ನಿಮಿಷ ಬೇಕು. ಒಂದು ಸುತ್ತು ಮುಗಿದು ಇಪ್ಪತ್ತು ನಿಮಿಷಕ್ಕೆ ಮುಂದಿನ ಸುತ್ತು. ಒಬ್ಬಳೇ ಹುಡುಗಿ ಇರುವ ಕಡೆ ಈ ಕೆಲಸ ಆಗುವುದಿಲ್ಲ. ಅವಳು ಎಷ್ಟೇ ಒಳ್ಳೆಯವಳಾದರೂ ಆಗುವುದಿಲ್ಲ. ಬೆಡ್‌ಸೋರ್ (ಒಂದೇ ಮಗ್ಗುಲಲ್ಲಿ ಮಲಗಿ ಚರ್ಮ ಒತ್ತಿ ಆಗುವ ಹುಣ್ಣು) ಬಂದ ಮೇಲೆ ಬೈಗುಳ ತಿನ್ನುವುದು ಮಾತ್ರ ಅವಳೇ.

ಭಾಷೆಯನ್ನೂ ಇಲ್ಲೇ ವಿಚಾರಿಸಿ. ಮರೆವಿನ ಕಾಯಿಲೆ ಹೆಚ್ಚಾದಂತೆ ಅನೇಕರು ಕಲಿತ ಭಾಷೆ ಬಿಟ್ಟು ಮನೆಮಾತಿಗೆ ಮರಳುತ್ತಾರೆ. ಬದಿಯಡ್ಕದ ಅಜ್ಜಿ ‘ಬೇನೆ’ ಎಂದು ತುಳುವಿನಲ್ಲೋ ಹವ್ಯಕದಲ್ಲೋ ನರಳಿದರೆ ಮಲಯಾಳ ಮಾತ್ರ ಗೊತ್ತಿರುವವರಿಗೆ, ಅಸ್ಸಾಮಿನಿಂದ ಬಂದವರಿಗೆ ಅದು ಬರೀ ಗಲಾಟೆ. ಗಲಾಟೆಗೆ ನಿದ್ದೆ ಮಾತ್ರೆಯೇ ಉತ್ತರವಾಗಿಬಿಡುತ್ತದೆ. ಪ್ರತಿ ಪಾಳಿಯಲ್ಲೂ ಕನ್ನಡ ಅಥವಾ ತುಳು ಬಲ್ಲ ಒಬ್ಬರಾದರೂ ಇರಲಿ. ನೋವು, ನೀರು, ಮೂತ್ರ, ಚಳಿ ಇವಕ್ಕೆ ನಿಮ್ಮವರು ಬಳಸುವ ಮಾತುಗಳನ್ನು ಬರೆದು ಹಾಸಿಗೆಯ ಪಕ್ಕ ಅಂಟಿಸಿ.

ಮೂರನೆಯದು: ಕಣ್ಣು, ಮೂಗು, ಕೈ

ಸಂಜೆ ಆರರ ನಂತರ ಅಥವಾ ಭಾನುವಾರ, ಮೊದಲೇ ತಿಳಿಸದೆ ಹೋಗಿ. ಫಿನಾಯಿಲ್ ಘಾಟು ವಿಪರೀತವಾಗಿದ್ದರೆ ಅದರಡಿ ಮೂತ್ರದ ವಾಸನೆ ಇರಬಹುದು. ಊಟದ ಹೊತ್ತಿಗೆ ನಿಂತು ನೋಡಿ: ಗಂಜಿಯನ್ನು ಮಲಗಿದ್ದಂತೆಯೇ ಬಾಯಿಗೆ ಹೊಯ್ಯುತ್ತಾರೋ, ಕೂರಿಸಿ ಕೊಡುತ್ತಾರೋ? ಮಲಗಿಸಿ ತಿನ್ನಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ; ಉಂಡ ಮೇಲೂ ಅರ್ಧ ಗಂಟೆ ತಲೆ ಎತ್ತರದಲ್ಲಿರಬೇಕು. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ ನೇತಾಡುತ್ತಿರಬೇಕು, ನೆಲಕ್ಕೆ ತಾಗಬಾರದು.

ಸೇರಿಸಿದ ಮೇಲೆ ಪ್ರತಿ ಭೇಟಿಯಲ್ಲೂ ಹಿಮ್ಮಡಿ, ಬಾಲದ ಎಲುಬು, ಸೊಂಟದ ಪಕ್ಕ ಬಟ್ಟೆ ಸರಿಸಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದು. ಆ ಜಾಗ ಸುತ್ತಲಿಗಿಂತ ಬಿಸಿಯಾಗಿ ಅಥವಾ ಗಟ್ಟಿಯಾಗಿ ಇದೆಯೇ ಎಂದು ಮುಟ್ಟಿ ನೋಡಿ. ತೂಕ ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ 50 ಕಿಲೋ ಇದ್ದವರು 47.5ಕ್ಕೆ ಬಂದರೆ, ವೈದ್ಯರಿಗೆ ತೋರಿಸಲೇಬೇಕು.

ನಮ್ಮ ಕಡೆ ಮಳೆಗಾಲಕ್ಕೆಂದೇ ಎರಡು ಪ್ರಶ್ನೆ ಇಟ್ಟುಕೊಳ್ಳಿ. ಕರೆಂಟ್ ಹೋದಾಗ ಗಾಳಿ ತುಂಬುವ ಹಾಸಿಗೆ, ಆಕ್ಸಿಜನ್ ಯಂತ್ರ ಎಷ್ಟು ಹೊತ್ತು ನಡೆಯುತ್ತವೆ? ಮೋಟಾರ್ ನಿಂತರೆ ಗಾಳಿ ಹಾಸಿಗೆ ಇಳಿದು ಎಲುಬು ನೇರ ಮಂಚಕ್ಕೆ ಒತ್ತುತ್ತದೆ. ಬಾವಿ ನೀರಿಗೆ ಕ್ಲೋರಿನ್ ಹಾಕಿ ಕುದಿಸಿ ಕೊಡುತ್ತಾರೆಯೇ? ಜಾಂಡೀಸ್ ಇಂಥ ಕಡೆ ಹೊಕ್ಕರೆ ಹಲವರನ್ನು ಒಟ್ಟಿಗೆ ಹಿಡಿಯುತ್ತದೆ.

ನಾಲ್ಕನೆಯದು: ಪುಸ್ತಕ ತೆರೆಸಿ

ಔಷಧದ ಚಾರ್ಟ್, ಹೊರಳಿಸಿದ ಚಾರ್ಟ್, ತೂಕದ ಪುಸ್ತಕ, ಬಿದ್ದವರ ದಾಖಲೆ, ಈ ನಾಲ್ಕು ಸಾಕು. ಸಂಜೆ ನಾಲ್ಕಕ್ಕೆ ಹೋದಾಗ ರಾತ್ರಿ ಎಂಟರ ಮಾತ್ರೆಗೆ ಸಹಿ ಬಿದ್ದಿದ್ದರೆ ಆ ಪುಸ್ತಕ ತೋರಿಕೆಗೆ ಬರೆದದ್ದು. ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇಡೀ ರಾತ್ರಿ ತುಂಬಿದ್ದರೂ ಅಷ್ಟೇ. ನಿಜವಾಗಿ ಎದ್ದು ಬರೆದ ಚಾರ್ಟಿನಲ್ಲಿ 12.20, 2.35 ಎಂಬಂಥ ಹೊತ್ತುಗಳಿರುತ್ತವೆ. ವರ್ಷವಿಡೀ ಒಬ್ಬರೂ ಬಿದ್ದಿಲ್ಲ ಎನ್ನುವ ಪುಸ್ತಕಕ್ಕಿಂತ, ಬಿದ್ದದ್ದನ್ನು ಬರೆದು ಏನು ಮಾಡಿದೆವು ಎಂದು ತಿಳಿಸಿದ ಪುಸ್ತಕವನ್ನು ನಂಬಿ.

ಇಲಾಖೆಯ ತಪಾಸಣಾ ವರದಿ ನಿಮಗೂ ಸಿಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕಾಸರಗೋಡಿನ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಕೊನೆಯ ತಪಾಸಣೆಯ ದಿನಾಂಕ, ಬರೆದ ಲೋಪಗಳು, ಅವುಗಳ ಮೇಲೆ ಕೈಗೊಂಡ ಕ್ರಮ, ಈ ಮೂರನ್ನೇ ಕೇಳಿ. ‘ಎಲ್ಲ ವಿವರ’ ಎಂದು ಬರೆದರೆ ಉತ್ತರ ಜಾರಿಕೊಳ್ಳುತ್ತದೆ. ಅವಧಿ 30 ದಿನ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಬಿಟ್ಟುಕೊಡಬಾರದು. ಬೇಗ ಕೆಲಸವಾಗಲೆಂದು ಮಲಯಾಳ ಪ್ರತಿ ಜೊತೆಗಿಟ್ಟರೆ ನಷ್ಟವೇನಿಲ್ಲ.

ದೂರು ಎಲ್ಲಿಗೆ?

ಆರೈಕೆಯ ಲೋಪದ ದೂರನ್ನು ಹಲವರು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಯ ನಿರ್ವಹಣಾ ನ್ಯಾಯಮಂಡಳಿಗೆ ಒಯ್ಯುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಆ ಮಂಡಳಿ ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸಲು ಇರುವುದು. ಕೇಂದ್ರದ ಮೇಲಿನ ದೂರು ಜಿಲ್ಲಾ ಸಾಮಾಜಿಕ ನ್ಯಾಯ ಅಧಿಕಾರಿಗೆ, ಪ್ರತಿ ಜಿಲ್ಲಾಧಿಕಾರಿಗೆ. ಎಲ್ಲಿಗೆ ಬರೆಯುವುದೆಂದು ಗೊಂದಲವಾದರೆ 14567 ಹಿರಿಯರ ಸಹಾಯವಾಣಿ. ಹೊಡೆತ, ಕಟ್ಟಿಹಾಕುವುದು ಕಂಡರೆ ಅರ್ಜಿ ಬರೆಯುತ್ತ ಕೂರಬೇಡಿ, 112ಕ್ಕೆ ಕರೆ ಮಾಡಿ. ಅದೇ ಕಾಯ್ದೆಯ 24ನೇ ಸೆಕ್ಷನ್ ಮಕ್ಕಳಿಗೂ ಅನ್ವಯಿಸುತ್ತದೆ: ಪೂರ್ತಿ ಕೈಬಿಡುವ ಉದ್ದೇಶದಿಂದ ಹಿರಿಯರನ್ನು ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮಂಗಳೂರಿನ ಕೇಂದ್ರಕ್ಕೆ ಸೇರಿಸಿದವರಿಗೆ ಕಾಸರಗೋಡಿನ ಕಚೇರಿಯಿಂದ ಪ್ರಯೋಜನವಿಲ್ಲ. ಅಲ್ಲಿ ದೂರು ಕೊಡಬೇಕಾದದ್ದು ಕರ್ನಾಟಕದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ. 2020ರಲ್ಲಿ ಕೋವಿಡ್ ಹೊತ್ತಿಗೆ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆಚೆ ಇದ್ದವರನ್ನು ಈಚೆಯವರು ನೋಡಲಾಗಲಿಲ್ಲ. ಹಾಗಾಗಿ ಒಪ್ಪಂದದಲ್ಲಿ ಮಂಗಳೂರಿನಲ್ಲೇ ಇರುವ ಒಬ್ಬ ನೆಂಟರ ಹೆಸರು, ಫೋನ್ ನಂಬರ್ ಬರೆಸಿ, ತುರ್ತು ಚಿಕಿತ್ಸೆಗೆ ಅವರ ಒಪ್ಪಿಗೆ ಸಾಕು ಎಂದು ಸೇರಿಸಿಡಿ.