ಸಯನೋಟೈಪ್: ಬಿಸಿಲಲ್ಲಿ ನೀಲಿ ಅಚ್ಚು ತೆಗೆಯುವ ನನ್ನ ಕ್ರಮ

ಸಯನೋಟೈಪ್ ಎಂದರೆ ಕಬ್ಬಿಣದ ಲವಣದ ದ್ರಾವಣ ಬಳಿದ ಕಾಗದದ ಮೇಲೆ ಎಲೆಯಂಥದ್ದನ್ನು ಇಟ್ಟು ಬಿಸಿಲಿಗೊಡ್ಡಿ, ನೀರಲ್ಲಿ ತೊಳೆದು ನೀಲಿ ಅಚ್ಚು ಪಡೆಯುವ ವಿಧಾನ. ಅದರಲ್ಲಿ ನೀಲಿ ಸರಿಯಾಗಿ ಏಳದಿದ್ದರೆ ನಾನು ಮೊದಲು ಅನುಮಾನಿಸುವುದು ಕಾಗದವನ್ನು, ಆಮೇಲೆ ನೀರನ್ನು. ಬಿಸಿಲಿನ ಸರದಿ ಕೊನೆಗೆ.

ದ್ರಾವಣದಲ್ಲಿ ಕಷ್ಟವೇನಿಲ್ಲ. ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ರಾಸಾಯನಿಕಗಳ ಜೋಡಿಯನ್ನೇ ಇಂದಿಗೂ ಬಳಸುತ್ತೇವೆ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ (ಹಸಿರು ಬಗೆಯದು), ಇನ್ನೊಂದು 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಬೇರೆ ಬೇರೆ ಕಂದು ಸೀಸೆಗಳಲ್ಲಿಟ್ಟು, ಬೇಕಾದಾಗ ಮಾತ್ರ ಸಮಪಾಲು ಬೆರೆಸಬೇಕು. ಮೊದಲನೆಯದರಲ್ಲಿ ಬೂಷ್ಟು ಬಂದರೆ ಸೋಸಿದರೆ ಸಾಕು. ಕೈಗವಸು ಕಡ್ಡಾಯ, ಫೆರಿಸಯನೈಡ್ ಹತ್ತಿರ ಪ್ರಬಲ ಆಮ್ಲ ಸುಳಿಯಲೇಬಾರದು, ವಿಷಾನಿಲ ಏಳುತ್ತದೆ.

ಕಾಗದಕ್ಕೆ ಬರೋಣ. ಹಲವು ಒಳ್ಳೆಯ ಡ್ರಾಯಿಂಗ್ ಹಾಳೆಗಳಲ್ಲಿ ಬಾಳಿಕೆಗೆಂದು ಕ್ಯಾಲ್ಸಿಯಂ ಕಾರ್ಬೋನೇಟ್ ಸೇರಿಸಿರುತ್ತಾರೆ. ಅದು ಕ್ಷಾರೀಯ, ಅಚ್ಚಿನಲ್ಲಿ ಮೂಡುವ ನೀಲಿ ಬಣ್ಣವಾದ ಪ್ರಷ್ಯನ್ ನೀಲಿಗೆ ಕ್ಷಾರ ಆಗಿಬರದು. ಹಾಳೆಯ ಮೂಲೆಗೆ ಒಂದು ಹನಿ ವಿನೆಗರ್ ಬಿಟ್ಟು ನೋಡಿ; ಸಣ್ಣ ಗುಳ್ಳೆ ಎದ್ದರೆ ಆ ಹಾಳೆ ಬೇಡ.

ಎ5 ಹಾಳೆಗೆ ಸುಮಾರು 2 ಮಿ.ಲೀ. ಮಿಶ್ರಣ ಸಾಕು. ಲೋಹದ ಪಟ್ಟಿಯಿರುವ ಬ್ರಷ್ ಬೇಡ, ಕಬ್ಬಿಣದ ಕಣ ಬಿದ್ದಲ್ಲಿ ನೀಲಿ ಚುಕ್ಕೆ ಏಳುತ್ತದೆ. ಸ್ಪಂಜಿನ ಬ್ರಷ್ ವಾಸಿ. ಮಂದ ಹಳದಿ ಬಲ್ಬಿನ ಬೆಳಕಿನಲ್ಲಿ ಬಳಿದು, ಕತ್ತಲಲ್ಲಿ ಪೂರ್ತಿ ಒಣಗಿಸಿ. ಎಲೆ ಇಡುವುದಾದರೆ ಅದನ್ನು ಪುಸ್ತಕದಲ್ಲಿಟ್ಟು ಒಣಗಿಸಿರಬೇಕು. ಹಸಿ ಎಲೆ, ಮೇಲೆ ಒತ್ತಿಟ್ಟ ಗಾಜಿನಡಿ ಬೆವರಿ ಅಂಚನ್ನು ಕಲೆಮಾಡುತ್ತದೆ. ನುಗ್ಗೆ, ಜರೀಗಿಡದಂಥ ತೆಳು ಎಲೆಗಳಲ್ಲಿ ನರನರವೂ ಮೂಡುತ್ತದೆ.

ಬಿಸಿಲಿಗೆ ನಿಗದಿತ ಸಮಯ ಇಲ್ಲ. ಮಾರ್ಚ್‌ನ ನಡುಹಗಲೇ ಬೇರೆ, ಜುಲೈನ ಮೋಡವೇ ಬೇರೆ. ಹಾಗಾಗಿ ಪ್ರತಿ ದಿನದ ಮೊದಲ ಕೆಲಸ ಪರೀಕ್ಷಾಪಟ್ಟಿ. ಬಳಿದ ಉದ್ದ ಚೂರಿನ ಮೇಲೆ ರಟ್ಟು ಮುಚ್ಚಿ, ಎರಡು ನಿಮಿಷಕ್ಕೊಮ್ಮೆ ಎರಡು ಬೆರಳಗಲ ಸರಿಸುತ್ತ ಹನ್ನೆರಡು ನಿಮಿಷ ನಡೆಸುತ್ತೇನೆ. ತೊಳೆದು ಒಣಗಿಸಿದ ಮೇಲೆಯೇ ನಿರ್ಧಾರ, ಏಕೆಂದರೆ ಒದ್ದೆ ನೀಲಿ ಮೋಸಮಾಡುತ್ತದೆ. ಪಟ್ಟಿಯ ಹಿಂದೆ ಪೆನ್ಸಿಲ್‌ನಲ್ಲಿ ದಿನಾಂಕ, ಗಂಟೆ, ಕಾಗದ, ನೀರು ಇಷ್ಟನ್ನೂ ಬರೆಯುತ್ತೇನೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಒಂದನ್ನೇ. ಕಾಗದವನ್ನೂ ನೀರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯುವುದೇ ಇಲ್ಲ. ಬಳಿದ ಭಾಗ ಹಳದಿ-ಹಸಿರಿನಿಂದ ಬೂದು-ಕಂಚಿನ ಬಣ್ಣಕ್ಕೆ ತಿರುಗುವವರೆಗೆ ಕಾಯುವುದು ಒಳ್ಳೆಯ ಗುರುತು.

ಕೊಳವೆಬಾವಿಯ ಗಡಸು ನೀರು ಕಾಗದದ ಕ್ಯಾಲ್ಸಿಯಂ ಕಾರ್ಬೋನೇಟ್‌ನಷ್ಟೇ ಕೆಡುಕು. ಮೊದಲ ತೊಳೆತಕ್ಕೆ ಲೀಟರಿಗೆ ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ. ಆಮೇಲೆ ಬಿಳಿ ಭಾಗದಲ್ಲಿ ಹಳದಿ ಉಳಿಯದಂತೆ ಹತ್ತು-ಹದಿನೈದು ನಿಮಿಷ ಸಾದಾ ನೀರು. ಹಳದಿ ಉಳಿದರೆ ಬಿಳಿಯೂ ನಿಧಾನಕ್ಕೆ ನೀಲಿಯಾಗುತ್ತದೆ. ಗಾಢ ನೀಲಿ ತಾನಾಗಿಯೇ ಒಂದು ದಿನದಲ್ಲಿ ಬರುತ್ತದೆ. ಅವಸರವಿದ್ದರೆ ಕೊನೆಯ ನೀರಿಗೆ ಒಂದೆರಡು ಚಮಚ 3% ಹೈಡ್ರೋಜನ್ ಪೆರಾಕ್ಸೈಡ್.

ಗೋಡೆಗೆ ಹಾಕಿದ ಅಚ್ಚು ಬೆಳಕಿಗೆ ಮಸುಕಾದರೆ ಎಸೆಯಬೇಡಿ. ಕೆಲವು ದಿನ ಕತ್ತಲಲ್ಲಿ, ಗಾಳಿಯಾಡುವಂತೆ ಇಟ್ಟರೆ ನೀಲಿ ಬಹುಪಾಲು ಮರಳುತ್ತದೆ.