ಅವ್ವ ಮುಖ ತಿರುಗಿಸಿದಾಗ

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಲ್ಲಿ, ಮರೆಗುಳಿತನ ಕೊನೆಯ ಹಂತ ತಲುಪಿದ್ದ ಅವ್ವನನ್ನು ನೋಡಿಕೊಂಡ ದಿನಗಳಲ್ಲಿ ದೇಹಶ್ರಮಕ್ಕಿಂತ ತೀರ್ಮಾನಗಳೇ ನನ್ನನ್ನು ಹೆಚ್ಚು ದಣಿಸಿದವು.

ಸಂಜೆಯಾದರೆ ಸಾಕು, ಕಣದಲ್ಲಿ ಹರವಿದ ಕಾಫಿ ಒಟ್ಟಬೇಕೆಂದು ಅವಳು ಹೊರಡುತ್ತಿದ್ದಳು. ಕೆರೆಯ ಭಯಕ್ಕೆ ಬಾಗಿಲಿಗೆ ಚಿಲಕ ಹಾಕಿದೆ. ನನ್ನ ಅಡುಗೆ ಕೆಲಸ ಮುಗಿಯಲೆಂದೂ ಹಾಕಿದ್ದೆನೆಂಬುದನ್ನು ಒಪ್ಪಿಕೊಳ್ಳಲು ತಿಂಗಳುಗಳೇ ಬೇಕಾದವು. ಆಮೇಲೆ ಕೆರೆಯ ದಾರಿಗೆ ಬೇಲಿ ಕಟ್ಟಿಸಿ, ಅವಳ ಕೈಹಿಡಿದು ಕಣದವರೆಗೆ ಹೋಗಿಬರತೊಡಗಿದೆ. ಮಳೆಗಾಲದಲ್ಲಿ ಮಾತ್ರ ಚಿಲಕ ತಪ್ಪಲಿಲ್ಲ. ತೀರಿಕೊಂಡ ಅಪ್ಪಯ್ಯನನ್ನು ಕೇಳಿದಾಗ ಮೊದಲ ಸಲ ನಿಜ ಹೇಳಿ, ಅವಳು ಹೊಸದಾಗಿ ಅತ್ತುದನ್ನು ಕಂಡ ಮೇಲೆ, ‘ಅಪ್ಪಯ್ಯನಿಗೆ ಏನು ಇಷ್ಟ, ಹೇಳವ್ವ’ ಎಂದು ಮಾತು ಬೆಳೆಸುತ್ತಿದ್ದೆ.

ನುಂಗುವುದು ಕಷ್ಟವಾಗಿ, ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದಾಗ ಮೂಗಿನ ಮೂಲಕ ಆಹಾರ ಇಳಿಸುವ ನಳಿಕೆಯ ಮಾತು ಬಂತು. ‘ಹೆತ್ತವಳನ್ನು ಉಪವಾಸ ಕೆಡವುತ್ತೀಯಾ?’ ಎಂದು ಬೆಂಗಳೂರಿನಿಂದ ಬಂದ ಅಕ್ಕ ಕೇಳಿದಳು. ಈ ಹಂತದಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚುತ್ತದೆಂಬುದಕ್ಕೆ ಆಧಾರವಿಲ್ಲ, ಆಹಾರ ಶ್ವಾಸಕೋಶಕ್ಕೆ ಇಳಿಯುವುದೂ ತಪ್ಪುವುದಿಲ್ಲ, ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗಿಯೂ ಬರಬಹುದು ಎಂದು ವೈದ್ಯರು ವಿವರಿಸಿದರು. ಅಮೆರಿಕದ ವೃದ್ಧವೈದ್ಯರ ಸಂಘವೂ ಇಂಥವರಿಗೆ ಕೈತುತ್ತೇ ಲೇಸೆಂದು 2014ರಲ್ಲಿ ಹೇಳಿದೆ. ಚಿಕಿತ್ಸೆಯ ಕುರಿತು ಮುಂಚಿತವಾಗಿ ಇಚ್ಛಾಪತ್ರ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದ್ದರೂ, ಅವ್ವನ ತಿಳಿವಳಿಕೆ ಗಟ್ಟಿಯಾಗಿದ್ದಾಗ ನಮಗದು ಹೊಳೆದಿರಲಿಲ್ಲ. ನಮಗಿದ್ದದ್ದು ಅಜ್ಜಿಯ ಕೊನೆಗಾಲದಲ್ಲಿ ಅವ್ವನೇ ಆಡಿದ್ದ ಮಾತೊಂದೇ: ‘ಬಾಯಿ ಬಿಗಿದವರಿಗೆ ತುರುಕಬಾರದು.’

ನಳಿಕೆ ಬೇಡವೆಂದೆವು. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಗಟ್ಟಿ ರಾಗಿ ಗಂಜಿ ಕೊಟ್ಟು, ಗುಟುಕು ಇಳಿದದ್ದನ್ನು ಗಂಟಲಲ್ಲಿ ನೋಡಿಕೊಂಡೇ ಮುಂದಿನದನ್ನು ಎತ್ತುತ್ತಿದ್ದೆ. ಅರ್ಧ ಬಟ್ಟಲಿಗೆ 40 ನಿಮಿಷ ಹಿಡಿಯುತ್ತಿತ್ತು. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ. ಅವಳು ಸೊರಗುತ್ತ ಹೋದಳು. ಒಂದು ವಾರ ಉಳಿದು ತಾನೇ ಉಣಿಸಿದ ಅಕ್ಕ, ಮೂರನೆಯ ದಿನ ಅವ್ವ ಮುಖ ತಿರುಗಿಸಿದಾಗ ಮಾತಿಲ್ಲದೆ ಚಮಚ ಕೆಳಗಿಟ್ಟಳು.

ಸಾಕೆಂದದ್ದು ಅವ್ವನೋ, ದಣಿದ ನಾನೋ ಎಂಬುದು ಕೆಲವು ರಾತ್ರಿ ನನಗೇ ತಿಳಿಯುತ್ತಿರಲಿಲ್ಲ. ಅಂಥ ದಿನ ಬಟ್ಟಲನ್ನು ಒಲೆಯ ಪಕ್ಕ ಬೆಚ್ಚಗಿಟ್ಟು, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಚಮಚವನ್ನು ತುಟಿಗೆ ತಾಗಿಸಿ ನೋಡುತ್ತಿದ್ದೆ.