ಬ್ಯಾಂಡ್ ಹಾಡಿನ ಶೂಟಿಂಗಿಗೆ ಜಾಗ ಹುಡುಕೋರಿಗೆ

ಕಾಲೇಜು ಹುಡುಗರು ಮೊದಲು ಹೇಳೋದೇ ಗದಗ ಹತ್ರದ ಲಕ್ಕುಂಡಿ. ಚೆಂದ ಜಾಗ ಖರೆ, ಆದ್ರ ಪುರಾತತ್ವ ಇಲಾಖೆ ರಕ್ಷಣೆಯಲ್ಲಿರೋ ಗುಡಿಗಳೊಳಗ ಅನುಮತಿಪತ್ರ ಇಲ್ಲದ ಟ್ರೈಪಾಡ್ ಇಡೋ ಹಂಗಿಲ್ಲ. ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೂ ಅದೇ ಮಾತು. ಕಪ್ಪತಗುಡ್ಡ ವನ್ಯಜೀವಿ ಧಾಮ, ಅರಣ್ಯ ಇಲಾಖೆಯವರನ್ನ ಕೇಳ್ರಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಾಗ ಡ್ರೋನ್ ಹಾರಿಸೋ ಆಸೆ ಇದ್ರ, ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡ್ರಿ; ವಿಮಾನ ನಿಲ್ದಾಣ ಹತ್ರ ಐತಿ.

ನಮ್ಮ ಲೆಕ್ಕದಾಗ ಪರಿಚಯದವರ ಎರಿ ಹೊಲಾನೇ ಪಾಡ. ಮಳಿ ಬಂದ ಮರುದಿನ ಮಾತ್ರ ಬ್ಯಾಡ, ಗಾಡಿ ಹುಗೀತಾವ. ಒಣಗಿದ್ರೂ ಟ್ರೈಪಾಡಿನ ಮೂರೂ ಕಾಲಿಗೆ ಒಂದೊಂದು ಹಲಗಿ ತುಂಡು ಕೊಡ್ರಿ, ಇಲ್ಲಾಂದ್ರ ಹಾಡು ಮುಗಿಯೋದ್ರಾಗ ಫ್ರೇಮ್ ವಾಲಿರತೈತಿ.

ಜಾಗ ನೋಡಾಕ ಶೂಟಿಂಗ್ ಇರೋ ಹೊತ್ತಿಗೇ ಹೋಗ್ರಿ. 11ರಿಂದ 3ರ ತನಕ ಕಣ್ಣಿನ ಗುಳಿಯೊಳಗ ಕರೀ ನೆರಳು ಬೀಳತೈತಿ.

ಮೊದಲೇ ರೆಕಾರ್ಡ್ ಮಾಡಿದ ಹಾಡು ಸ್ಪೀಕರಿನಾಗ ಹಚ್ಚಿ, ಅದಕ್ಕ ತುಟಿ, ಕೈ ಕೂಡಿಸಿ ಶೂಟ್ ಮಾಡೋದು; ಬಯಲು ದೊಡ್ಡದಿದ್ರ ಆ ಸ್ಪೀಕರ್ ದೂರ ಇಡೋ ತಪ್ಪು ಆಗತೈತಿ. ದನಿ 17 ಮೀಟರ್ ದಾಟಾಕ 50 ಮಿಲಿಸೆಕೆಂಡ್ ಬೇಕು, ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಾಗ ಒಂದು ಫ್ರೇಮಿಗಿಂತ ಹೆಚ್ಚು. ಹಾಡುವವನ ತುಟಿ ಕೂಡಿದ್ರ ಡ್ರಮ್ಮರ್ ಕೈ ಕೂಡಂಗಿಲ್ಲ. ಇಬ್ಬರಿಗೂ ಸಮ ದೂರದಾಗ, 3-4 ಮೀಟರಿನೊಳಗ ಇಡ್ರಿ. ಡ್ರಮ್ಮಿನ ಜೋಡಿ ಇರೋ ಲೋಹದ ತಟ್ಟಿ, ಅಂದ್ರ ಸಿಂಬಲ್, ಅದರ ಕೆಳಗ ಬಟ್ಟಿ ಅಂಟಿಸ್ರಿ, ಇಲ್ಲಾಂದ್ರ ಹಾಡೇ ಕೇಳಂಗಿಲ್ಲ.